ಖಡ್ಗದ ಊರಿನಿಂದ ಬಂದ ಕತ್ತರಿ

ಅಲಗಿನ ಮೇಲೆ ‘ಕೋಬಾಲ್ಟ್’ ಎಂದು ಕೊರೆದ ಕತ್ತರಿ ಸಾಣೆಗೆ ಬಂದರೆ ನಾನು ಮೊದಲು ಅದಕ್ಕೊಂದು ಅಯಸ್ಕಾಂತ ತಾಗಿಸಿ ನೋಡುತ್ತೇನೆ. ಗಪ್ಪನೆ ಅಂಟಿತೋ, ಅದು ಉಕ್ಕು. ಒಳಗೆ ಕೋಬಾಲ್ಟ್ ಸ್ವಲ್ಪ ಬೆರೆತಿರಬಹುದು. ಅಂಟದೆ ಜಾರಿದರೆ ಸಾಮಾನ್ಯವಾಗಿ ಅದರಲ್ಲಿ ಕೋಬಾಲ್ಟೇ ಮುಖ್ಯ ಲೋಹ. ಬೆಂಗಳೂರಿನ ಸಲೂನುಗಳಲ್ಲಿ ಎರಡಕ್ಕೂ ಒಂದೇ ಹೆಸರು. ಆದರೆ ಇವುಗಳ ಹುಟ್ಟೂ ಬೇರೆ, ಗುಣವೂ ಬೇರೆ.

ಅಂಟದ ಲೋಹದ ಮೂಲ ಅಮೆರಿಕದ ಕೊಕೊಮೊ ಪಟ್ಟಣ. ಅಲ್ಲಿನ ಎಲ್ವುಡ್ ಹೇನ್ಸ್ ಕೋಬಾಲ್ಟಿಗೆ ಕ್ರೋಮಿಯಂ ಸೇರಿಸಿದ ಮಿಶ್ರಲೋಹಕ್ಕೆ 1907ರಲ್ಲಿ ಪೇಟೆಂಟ್ ಪಡೆದ. ಕಪ್ಪಾಗದ ಚಾಕು ಚಮಚ ಬೇಕೆಂದು ಹೆಂಡತಿ ಕೇಳಿದ್ದೇ ಇದಕ್ಕೆ ಕಾರಣ ಎಂಬ ಕಥೆಯಿದೆ. ಮುಂದೆ ಟಂಗ್‌ಸ್ಟನ್ನನ್ನೂ ಬೆರೆಸಿ ಇನ್ನಷ್ಟು ಗಟ್ಟಿ ಮಾಡಿದ; ಅದೇ ಸ್ಟೆಲೈಟ್. ಕೆಂಪಗೆ ಕಾದರೂ ಬಿರುಸು ಕಳೆದುಕೊಳ್ಳದ ಈ ಲೋಹ ಮೊದಲ ಮಹಾಯುದ್ಧದಲ್ಲಿ ಫಿರಂಗಿ ಗುಂಡುಗಳನ್ನು ಕಡೆಯುವ ಲೇತ್‌ಗಳಿಗೆ ಹತಾರವಾಯಿತು. ಇದೇ ಕುಲದ ಲೋಹ ಕೊನೆಗೆ ಕ್ಷೌರದ ಕತ್ತರಿಗೂ ಬಂತು. ಇದನ್ನು ಉಕ್ಕಿನಂತೆ ಕಾಸಿ, ಅದ್ದಿ ಹದ ಮಾಡಬೇಕಿಲ್ಲ. ಒಳಗೆ ಹರಡಿರುವ ಕಾರ್ಬೈಡ್ ಕಣಗಳೇ ಸವೆತವನ್ನು ತಡೆಯುತ್ತವೆ.

ಅಯಸ್ಕಾಂತಕ್ಕೆ ಅಂಟುವುದೇ ಹೆಚ್ಚು ಬಳಕೆಯದು. ಜಪಾನಿನ ಟಾಕೆಫು ಕಂಪನಿಯ ವಿಜಿ-10 ಉಕ್ಕನ್ನೇ ನೋಡಿ: ಇಂಗಾಲ ಸುಮಾರು ಶೇ. 1, ಕ್ರೋಮಿಯಂ ಶೇ. 15, ಕೋಬಾಲ್ಟ್ ಶೇ. 1.5ರಷ್ಟು ಮಾತ್ರ. ಬಿರುಸಾದ ಕಣಗಳನ್ನು ಹಿಡಿದಿಡುವ ಉಕ್ಕಿನ ಮೈಯನ್ನು ಕೋಬಾಲ್ಟ್ ಗಟ್ಟಿಗೊಳಿಸುತ್ತದೆ. ಅದು ಬೇಕಾದದ್ದೇ. ಆದರೆ ಆ ಒಂದೂವರೆ ಪಾಲಿಗೆ ಕತ್ತರಿಯ ಪೂರ್ತಿ ಕೀರ್ತಿಯನ್ನು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೀರ್ತಿಯ ದೊಡ್ಡ ಪಾಲು ಸೆಕಿ ಊರಿನಂಥ ಕಡೆಗಳ ಕಮ್ಮಾರರಿಗೆ ಸಲ್ಲಬೇಕು. ಜಪಾನಿನ ಗಿಫು ಪ್ರಾಂತ್ಯದ ಈ ಊರು ಏಳುನೂರು ವರ್ಷಗಳಿಗೂ ಹಿಂದಿನಿಂದ ಖಡ್ಗಕ್ಕೆ ಹೆಸರುವಾಸಿ. 1871ರಲ್ಲಿ ಮೇಜಿ ಸರ್ಕಾರ ಜುಟ್ಟು ತೆಗೆಸಿ ಕ್ರಾಪು ಬಿಡಬಹುದೆಂದು ಆಜ್ಞೆ ಹೊರಡಿಸಿತು. 1876ರಲ್ಲಿ ಸಮುರಾಯಿಗಳು ಸೊಂಟಕ್ಕೆ ಖಡ್ಗ ಸಿಕ್ಕಿಸಿಕೊಂಡು ತಿರುಗುವುದನ್ನು ನಿಷೇಧಿಸಿತು. ಐದು ವರ್ಷಗಳ ಅಂತರದಲ್ಲಿ ಒಂದು ಆಜ್ಞೆ ಕತ್ತರಿಗೆ ತಲೆಗಳನ್ನು ಒದಗಿಸಿತು, ಇನ್ನೊಂದು ಖಡ್ಗದ ಕಮ್ಮಾರರ ಅನ್ನ ಕಿತ್ತುಕೊಂಡಿತು. ಕುಲುಮೆ ಆರಿಸಿ ಕೂರುವಂತಿರಲಿಲ್ಲ. ಅಡುಗೆಮನೆಯ ಚಾಕು, ಹೊಲದ ಹತಾರ, ಕತ್ತರಿ, ಹೀಗೆ ಕೈಗೆ ಸಿಕ್ಕ ಕೆಲಸಕ್ಕೆ ಇಳಿದರು. ವಿದ್ಯೆ ಮಾತ್ರ ಕೈಯಲ್ಲೇ ಉಳಿಯಿತು.

ಆ ವಿದ್ಯೆಯನ್ನು ಇವತ್ತೂ ಬೆರಳಿನಿಂದ ಮುಟ್ಟಿ ತಿಳಿಯಬಹುದು. ಜರ್ಮನಿಯ ಸೋಲಿಂಗೆನ್‌ನ ಹಳೆಯ ಬಗೆಯ ಕತ್ತರಿಯಲ್ಲಿ ಬಾಯಿಯನ್ನು ನೇರ ಇಳಿಜಾರಾಗಿ ಉಜ್ಜಿರುತ್ತಾರೆ. ಕೂದಲು ಜಾರದಿರಲೆಂದು ಒಂದು ಅಲಗಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿರುತ್ತವೆ. ಜಪಾನಿನ ಅಲಗು ಹೊರಮೈಯಲ್ಲಿ ಕಪ್ಪೆಚಿಪ್ಪಿನ ಬೆನ್ನಿನಂತೆ ಮೆಲ್ಲಗೆ ಉಬ್ಬಿ ಬಾಯಿಯವರೆಗೂ ಇಳಿಯುತ್ತದೆ. ಖಡ್ಗದ ಅಲಗಿನ ಉಬ್ಬೂ ಇಂಥದ್ದೇ. ಇಂಥ ಬಾಯಿಯ ಕತ್ತರಿಯನ್ನು ಅರೆ ತೆರೆದು ಕೂದಲಿನುದ್ದಕ್ಕೂ ಜಾರಿಸುತ್ತಾ ಕತ್ತರಿಸಬಹುದು. 1963ರಲ್ಲಿ ಲಂಡನ್ನಿನ ವಿಡಾಲ್ ಸಸೂನ್ ನಟಿ ನ್ಯಾನ್ಸಿ ಕ್ವಾನ್‌ಗೆ ಮಾಡಿದ ಬಾಬ್ ಕಟ್‌ನ ನಂತರ ಕೇಶ ವಿನ್ಯಾಸವೆಂದರೆ ರೇಖೆ ತಪ್ಪದ ಕತ್ತರಿ ಕೆಲಸ ಎಂಬಂತಾಯಿತು. ಅಂಥ ಕೆಲಸ ಬೇಡುವುದು ಒಳ್ಳೆಯ ಬಾಯಿಯನ್ನೇ.

ಉಬ್ಬು ಉಳಿಸುವುದೇ ನಮ್ಮ ಕಸುಬಿನ ಕಷ್ಟ. ಚಕ್ರಕ್ಕೆ ಒಂದೇ ಕೋನದಲ್ಲಿ ಹಿಡಿದರೆ ಉಬ್ಬು ನಿಮಿಷದಲ್ಲಿ ಮಾಯವಾಗುತ್ತದೆ. ಮಣಿಕಟ್ಟನ್ನು ತಿರುಗಿಸುತ್ತಾ ಉಜ್ಜಬೇಕು. ಒಳಮೈ ಇನ್ನೂ ನಾಜೂಕು. ಅದನ್ನು ಟೊಳ್ಳಾಗಿ ಕೊರೆದಿರುವುದರಿಂದ ಕಲ್ಲಿಗೆ ತಾಗುವುದು ಅಂಚಿನ ತೆಳುಗೆರೆ ಮಾತ್ರ. ಆ ಗೆರೆ ಅಗಲವಾದಷ್ಟೂ ಎರಡು ಅಲಗುಗಳ ತಿಕ್ಕಾಟ ಹೆಚ್ಚಿ ಕತ್ತರಿ ಭಾರವಾಗಿ ಆಡುತ್ತದೆ. ಹಾಗಾಗಿ ಒಳಮೈಯನ್ನು ನುಣುಪು ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ನಾಲ್ಕೈದು ಸಲ ಎಳೆದು ನಿಲ್ಲಿಸುತ್ತೇನೆ, ಮತ್ತೆ ಮುಟ್ಟುವುದಿಲ್ಲ.