ವಾಸವೋ ವ್ಯಾಸಂಗವೋ: ಅಮೆರಿಕದ ಒಂದು ಶುಲ್ಕವಿವಾದದ ಇತಿಹಾಸ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಸ್ವಸಂಸ್ಥಾನದ ನಿವಾಸಿಗಳಿಂದ ಕಡಮೆ ಶುಲ್ಕವನ್ನೂ ಹೊರಗಿನವರಿಂದ ಬಹಳ ಹೆಚ್ಚಿನ ಶುಲ್ಕವನ್ನೂ ತೆಗೆದುಕೊಳ್ಳುವುದು ಬಹುಕಾಲದ ರೂಢಿ. ಅನುಮತಿಪತ್ರವಿಲ್ಲದ ತಂದೆತಾಯಿಗಳೊಡನೆ ಬಾಲ್ಯದಲ್ಲಿಯೇ ಆ ದೇಶಕ್ಕೆ ಬಂದು ಅಲ್ಲಿಯೇ ಅಕ್ಷರಾಭ್ಯಾಸ ಮಾಡಿದ ಮಕ್ಕಳು ಈ ಎರಡು ವರ್ಗಗಳಲ್ಲಿ ಯಾವುದಕ್ಕೆ ಸೇರತಕ್ಕವರು? ಈ ಪ್ರಶ್ನೆಯ ಇತಿಹಾಸವು ಬಹುಮಟ್ಟಿಗೆ ಎರಡು ಪದಗಳ ಅರ್ಥನಿರ್ಣಯದ ಇತಿಹಾಸವಾಗಿದೆ.

ಮೊದಲನೆಯದು 'ವ್ಯಕ್ತಿ' ಎಂಬ ಪದ. 1975ರಲ್ಲಿ ಟೆಕ್ಸಸ್ ಸಂಸ್ಥಾನವು ಇಂತಹ ಮಕ್ಕಳ ಪಾಠಶಾಲಾವೆಚ್ಚಕ್ಕೆ ದ್ರವ್ಯವನ್ನು ಕೊಡುವುದಿಲ್ಲವೆಂದು ಶಾಸನಮಾಡಿತು. 1977ರಲ್ಲಿ ಟೈಲರ್ ಪಟ್ಟಣದ ಶಾಲಾಧಿಕಾರಿಗಳು ಅವರಲ್ಲಿ ಒಬ್ಬೊಬ್ಬರಿಗೂ ವರ್ಷಕ್ಕೆ 1000 ಡಾಲರು ಶುಲ್ಕವನ್ನು ವಿಧಿಸಿದರು. ಕೂಲಿಮಾಡಿ ಜೀವಿಸುವವರಿಗೆ ಇದು ಶಾಲೆಯ ಬಾಗಿಲನ್ನು ಮುಚ್ಚಿದಂತೆಯೇ ಸರಿ. 1868ರ ಹದಿನಾಲ್ಕನೆಯ ತಿದ್ದುಪಡಿಯು ಶಾಸನಗಳ ಸಮಾನರಕ್ಷಣೆಯನ್ನು ಹೇಳುವಾಗ 'ಪ್ರಜೆ' ಎನ್ನದೆ 'ವ್ಯಕ್ತಿ' ಎಂದಿದೆ. ಈ ಪದಪ್ರಯೋಗವನ್ನೇ ಆಧಾರವಾಗಿಟ್ಟುಕೊಂಡು 1982ರ ಜೂನ್ 15ರಂದು ಸರ್ವೋಚ್ಚ ನ್ಯಾಯಸ್ಥಾನವು ಟೆಕ್ಸಸ್ಸಿನ ಶಾಸನವನ್ನು ರದ್ದುಮಾಡಿತು. ನಿರ್ಣಯವನ್ನು ಬರೆದವರು ವಿಲಿಯಂ ಬ್ರೆನನ್. ಐವರು ಪರ, ನಾಲ್ವರು ವಿರುದ್ಧ; ಆದರೆ ಪದಾರ್ಥದ ವಿಷಯದಲ್ಲಿ ಆ ನಾಲ್ವರಿಗೂ ವಿಪ್ರತಿಪತ್ತಿಯಿರಲಿಲ್ಲವೆಂಬುದು ಗಮನಾರ್ಹ.

ಈ ನಿರ್ಣಯವು ಪ್ರೌಢಶಾಲೆಯ ಎಲ್ಲೆಯನ್ನು ದಾಟಲಿಲ್ಲ. ಕಾಲೇಜಿನ ವಿಷಯದಲ್ಲಿ ವಿವಾದವು 'ವಾಸ'ವೆಂಬ ಎರಡನೆಯ ಪದವನ್ನು ಆಶ್ರಯಿಸಿತು. 1996ರ ಕೇಂದ್ರಶಾಸನವೊಂದು, ನ್ಯಾಯಸಮ್ಮತವಾಗಿ ದೇಶದಲ್ಲಿಲ್ಲದವರಿಗೆ ವಾಸದ ನಿಮಿತ್ತದಿಂದ ಉಚ್ಚಶಿಕ್ಷಣದ ಸೌಲಭ್ಯವನ್ನು ಕೊಡಕೂಡದೆಂದು ವಿಧಿಸಿತು. ಕೊಡುವುದಾದರೆ ಯಾವ ಸಂಸ್ಥಾನದ ಪ್ರಜೆಗಾದರೂ ಅದು ದೊರೆಯಬೇಕು. ಇಲ್ಲಿ ನಿಷಿದ್ಧವಾದುದು ಸೌಲಭ್ಯವೋ, ಅದರ ನಿಮಿತ್ತವೋ? ಮೀಮಾಂಸಾಶಾಸ್ತ್ರವನ್ನು ಓದಿದವರಿಗೆ ಇಂತಹ ಪ್ರಶ್ನೆ ಹೊಸದಲ್ಲ.

2001ರಲ್ಲಿ ಟೆಕ್ಸಸ್, ಅನಂತರ ಅದೇ ವರ್ಷ ಕ್ಯಾಲಿಫೋರ್ನಿಯಾ, ಈ ತರುಣರಿಗೆ ಕಡಮೆ ಶುಲ್ಕವನ್ನು ಅನುಗ್ರಹಿಸಿದುವು. ಮಾರ್ಗಗಳು ಬೇರೆ. ಟೆಕ್ಸಸ್ಸಿನದು, ಸಂಸ್ಥಾನದಲ್ಲಿ ಮೂರು ವರ್ಷ ವಾಸವಾಗಿದ್ದು ಅಲ್ಲಿಯೇ ಪ್ರೌಢಶಿಕ್ಷಣವನ್ನು ಮುಗಿಸಿದವನನ್ನು ನಿವಾಸಿಯೆಂದೇ ಎಣಿಸುವ ಕ್ರಮ. ಕ್ಯಾಲಿಫೋರ್ನಿಯಾವಾದರೋ ವಾಸವನ್ನು ಬಿಟ್ಟು, ಅಲ್ಲಿ ಮೂರು ವರ್ಷ ವ್ಯಾಸಂಗಮಾಡಿ ಪ್ರೌಢಶಾಲೆಯಲ್ಲಿ ಉತ್ತೀರ್ಣನಾಗಿರುವುದನ್ನೇ ನಿಮಿತ್ತವಾಗಿ ಮಾಡಿತು.

ಹೆಚ್ಚಿನ ಶುಲ್ಕವನ್ನು ತೆರುತ್ತಿದ್ದ ಹೊರಸಂಸ್ಥಾನಗಳ ವಿದ್ಯಾರ್ಥಿಗಳು ಕ್ಯಾಲಿಫೋರ್ನಿಯಾದ ಶಾಸನದ ಮೇಲೆ ವ್ಯಾಜ್ಯವನ್ನು ಹೂಡಿದರು. 2010ರ ನವೆಂಬರಿನಲ್ಲಿ ಆ ಸಂಸ್ಥಾನದ ಸರ್ವೋಚ್ಚ ನ್ಯಾಯಸ್ಥಾನವು ಏಕಮತದಿಂದ ಶಾಸನವನ್ನು ಎತ್ತಿಹಿಡಿಯಿತು. ನ್ಯಾಯಾಧೀಶ ಮಿಂಗ್ ಚಿನ್ ಅವರ ವಿವೇಚನೆ ತಾರ್ಕಿಕರ ಅನ್ವಯವ್ಯತಿರೇಕಗಳನ್ನು ನೆನಪಿಗೆ ತರುತ್ತದೆ: ಅಲ್ಲಿ ವಾಸಿಸಿದ್ದರೂ ಮೂರು ವರ್ಷ ಓದದವನಿಗೆ ಈ ಫಲವಿಲ್ಲ, ಬೇರೆಡೆ ವಾಸಿಸುತ್ತಿದ್ದರೂ ಅಲ್ಲಿ ಓದಿದವನಿಗೆ ಉಂಟು. ಆದುದರಿಂದ ವಾಸವು ನಿಮಿತ್ತವಲ್ಲ. ಮರುವರ್ಷ ದೇಶದ ಸರ್ವೋಚ್ಚ ನ್ಯಾಯಸ್ಥಾನವು ಮೇಲ್ಮನವಿಯನ್ನು ವಿಚಾರಣೆಗೆ ಅಂಗೀಕರಿಸಲಿಲ್ಲ.

ಟೆಕ್ಸಸ್ಸಿನ ಶಾಸನಕ್ಕೆ ಇಂತಹ ವಿಚಾರವೇ ಒದಗಲಿಲ್ಲ. 2025ರ ಜೂನ್ 4ರಂದು ಕೇಂದ್ರಸರ್ಕಾರವು ಅದರ ಮೇಲೆ ದಾವೆ ಹೂಡಿತು. ಸಂಸ್ಥಾನವು ಅದೇ ದಿನ ಒಪ್ಪಿಕೊಂಡಿತು. ನ್ಯಾಯಾಧೀಶ ರೀಡ್ ಓಕಾನರ್ ಅದೇ ದಿನ ಶಾಸನವನ್ನು ನಿರಸ್ತಮಾಡಿದರು. ಪೂರ್ವಪಕ್ಷ ಮಾತ್ರವಿದ್ದು ಉತ್ತರಪಕ್ಷವಿಲ್ಲದ ಸಿದ್ಧಾಂತವಿದು. ಇಪ್ಪತ್ತನಾಲ್ಕು ವರ್ಷಗಳ ವ್ಯವಸ್ಥೆ ಹೀಗೆ ಒಂದು ಹಗಲಿನಲ್ಲಿ ಮುಗಿಯಿತು; ಅದನ್ನು ನಂಬಿ ವ್ಯಾಸಂಗದ ಮಧ್ಯದಲ್ಲಿದ್ದ ವಿದ್ಯಾರ್ಥಿಗಳು ಹೊರಗಿನವರ ಶುಲ್ಕವನ್ನು ಹೊಂದಿಸಬೇಕಾಯಿತು.