ಎಂಟು ಪದಜಾತಿಗಳ ಪೂರ್ವೋತ್ತರ

ವಾಕ್ಯದಲ್ಲಿ ಅಡಿಗೆರೆ ಎಳೆದ ಪದ ಯಾವ ಜಾತಿಯದು? ಇಂಗ್ಲಿಷ್ ಓದಿದ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯ ಹುಡುಗನಿಗೂ ಅದು ತಪ್ಪಿದ್ದಲ್ಲ. ಈ ಸೀಮೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಡಳಿತವೇನೋ ಬದಲಾಯಿತು, ನೌನ್, ವರ್ಬ್, ಅಡ್ಜೆಕ್ಟಿವ್‌ಗಳ ಬಾಯಿಪಾಠ ಬದಲಾಗಲಿಲ್ಲ. ಆ ಪಾಠದ ಹುಟ್ಟನ್ನು ವಿಚಾರಿಸಿದರೆ ಹುಡುಗರ ತೊಡಕಿನ ಕಾರಣವೂ ತಿಳಿಯುವುದೆಂದು ನನಗೆ ತೋರುತ್ತದೆ.

ಡಯೊನಿಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ವ್ಯಾಕರಣದಲ್ಲಿ ಪದಜಾತಿಗಳು ಎಂಟು. ರೋಮಿನ ಪಂಡಿತರು ಅದನ್ನು ಲ್ಯಾಟಿನ್ನಿಗೆ ಹೊಂದಿಸಹೊರಟಾಗ ಒಂದು ಕೊರತೆ ಕಂಡಿತು: ಲ್ಯಾಟಿನ್ನಿನಲ್ಲಿ ಆರ್ಟಿಕಲ್ ಇಲ್ಲ. ಅದನ್ನು ಬಿಟ್ಟು, ಉದ್ಗಾರವಾಚಕವನ್ನು ಬೇರೆ ಜಾತಿಯಾಗಿ ಎಣಿಸಿದರು. ಎಂಟು ಎಂಟಾಗಿಯೇ ಉಳಿಯಿತು! 1586ರಲ್ಲಿ ವಿಲಿಯಂ ಬುಲೊಕರ್ ಬರೆದ ಇಂಗ್ಲಿಷ್ ವ್ಯಾಕರಣಕ್ಕೂ ಲ್ಯಾಟಿನ್ನೇ ಮಾದರಿ. 1795ರಲ್ಲಿ ಲಿಂಡ್ಲಿ ಮರ್ರೆ ಒಂಬತ್ತು ಎಂದನು. ನಮ್ಮ ಶಾಲೆಗಳಲ್ಲಿ ಮನೆಮಾತಾದ ನೆಸ್‌ಫೀಲ್ಡ್, ರೆನ್ ಮತ್ತು ಮಾರ್ಟಿನ್ ಮತ್ತೆ ಎಂಟಕ್ಕೆ ಬಂದರು.

ಲ್ಯಾಟಿನ್ನಿನಲ್ಲಿ ಪದದ ಕೊನೆಯೇ ಅದರ ಜಾತಿಯನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಹಳೆಯ ಇಂಗ್ಲಿಷಿಗೂ ಅಂಥ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಹೆಚ್ಚಿನವು ಉದುರಿಹೋದವು. ಅವುಗಳ ಕೆಲಸವನ್ನು ಪದದ ಸ್ಥಾನ ವಹಿಸಿಕೊಂಡಿತು. 'ದಿ ವಾಟರ್ ಈಸ್ ಕೋಲ್ಡ್' ಎಂಬಲ್ಲಿ ವಾಟರ್ ನಾಮಪದ. 'ದೇ ವಾಟರ್ ದಿ ಗಾರ್ಡನ್' ಎಂಬಲ್ಲಿ ಕ್ರಿಯಾಪದ. 'ವಾಟರ್ ಪಾಟ್' ಎಂಬಲ್ಲಿ ಮುಂದಿನ ಪದಕ್ಕೆ ವಿಶೇಷಣ. ಪದ ಒಂದೇ, ರೂಪ ಒಂದೇ, ಕೆಲಸ ಮೂರು. 'ವಸ್ತುವಿನ ಹೆಸರೇ ನೌನ್' ಎಂದು ಉರುಹೊಡೆದ ಹುಡುಗ ಎರಡನೆಯ ವಾಕ್ಯದಲ್ಲಿ ಎಡವಿದರೆ ಆಶ್ಚರ್ಯವೇನು?

ಸುಮಾರು 1260ರಲ್ಲಿ ಕೇಶಿರಾಜನು ರಚಿಸಿದ 'ಶಬ್ದಮಣಿದರ್ಪಣ'ದಲ್ಲಿ ನಾಮ, ಆಖ್ಯಾತ, ಅವ್ಯಯಗಳಿಗೆ ಬೇರೆ ಬೇರೆ ಪ್ರಕರಣಗಳಿವೆ. ನಮ್ಮ ವ್ಯಾಕರಣದಲ್ಲಿ ಗುಣವಾಚಕವೂ ನಾಮಪದದ ಒಂದು ಬಗೆ. ಗ್ರೀಕರೂ ಅದನ್ನು ನಾಮಪದದಲ್ಲಿಯೇ ಸೇರಿಸಿದ್ದರು. ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್ ಬೇರೆ ಮನೆ ಮಾಡಿದ್ದು ಬಹಳ ತಡವಾಗಿ. ಆದುದರಿಂದ ಇಂಗ್ಲಿಷಿನ ಎಂಟು ಖಾನೆಗಳಿಗೆ ಕನ್ನಡದ ಎಂಟು ಹೆಸರುಗಳನ್ನು ಅಂಟಿಸಿದ ಮಾತ್ರಕ್ಕೆ ಪಾಠ ಮುಗಿಯದು.

ಅದಕ್ಕಿಂತ ಹುಡುಗನಿಗೆ ಗೊತ್ತಿರುವುದರಿಂದಲೇ ಹೊರಡುವುದು ಮೇಲು. 'ಹಾಡು' ಎಂದಷ್ಟೇ ಹೇಳಿದರೆ ಅದು ನಾಮವೂ ಆದೀತು, ಕ್ರಿಯೆಯೂ ಆದೀತು. 'ಹಾಡನ್ನು ಹಾಡಿದಳು' ಎಂದೊಡನೆ ಕಾಮಗೆರೆಯ ಮಗುವಿಗೂ ಸಂದೇಹ ಉಳಿಯದು, ಪ್ರತ್ಯಯವೇ ಸಾಕ್ಷಿ. ಇಂಗ್ಲಿಷಿನಲ್ಲಿ ಅನೇಕ ವೇಳೆ ಆ ಸಾಕ್ಷಿ ಇರುವುದಿಲ್ಲ. ಹಿಂದುಮುಂದಿನ ಪದಗಳನ್ನೇ ಕೇಳಬೇಕು. ಇಷ್ಟನ್ನು ಮೊದಲು ತಿಳಿಸಿ, 'ಈ ಪದ ಯಾವುದು?' ಎನ್ನುವ ಬದಲು 'ಈ ಪದ ಇಲ್ಲಿ ಏನು ಮಾಡುತ್ತಿದೆ?' ಎಂದು ಕೇಳುವ ಉಪಾಧ್ಯಾಯರಿಗೆ ಬೆತ್ತದ ಅಗತ್ಯ ಬೀಳದು. ಹುಡುಗನಿಗೂ, ತನ್ನ ಕನ್ನಡ ಇಂಗ್ಲಿಷಿಗೆ ಅಡ್ಡಿಯೆಂಬ ಅಳುಕು ಹುಟ್ಟದು.