ಕೋಣೆಯೂ ಹಾಡುತ್ತದೆ

ವಿಜಯಪುರದ ಗೋಲ್ ಗುಮ್ಮಟವನ್ನು ನೋಡಿ ಬಂದವರು ಅದರ ಎತ್ತರ ಅಗಲಗಳನ್ನು ಮರೆತಾರು. ಅಲ್ಲಿ ಕೇಳಿದ್ದನ್ನು ಮಾತ್ರ ಮರೆಯುವುದಿಲ್ಲ. ಗುಮ್ಮಟದ ಒಳಸುತ್ತಿನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಗೋಡೆಯ ಬಳಿ ಪಿಸುಗುಟ್ಟಿದ ಮಾತು ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವರಿಗೆ ಕೇಳಿಸುತ್ತದೆ. ಬಯಲಿನಲ್ಲಿ ಹತ್ತು ಹೆಜ್ಜೆ ದಾಟದ ದನಿ ಅದು. ಸರ್ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ ಇಂತಹ ಪಿಸುಮಾತಿನ ಮೊಗಸಾಲೆಗಳ ಬಗ್ಗೆ ಸಂಶೋಧನೆ ನಡೆಸಿದ್ದರು. ಮೊದಲು ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿ, ಬಳಿಕ ನಮ್ಮ ದೇಶದ ಕೆಲವು ಕಟ್ಟಡಗಳು. 1922ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಗೋಲ್ ಗುಮ್ಮಟವೂ ಇದೆ.

ಗುಮ್ಮಟದಲ್ಲಿ ಇಷ್ಟು ದೊಡ್ಡದಾಗಿ ಕಾಣುವ ಸಂಗತಿ ನಮ್ಮ ಹತ್ತಡಿ-ಹನ್ನೆರಡಡಿಯ ಕೋಣೆಯಲ್ಲೂ ಸಣ್ಣದಾಗಿ ನಡೆಯುತ್ತಲೇ ಇರುತ್ತದೆ. ನಾವು ಕೇಳುವ ಹಾಡಿನಲ್ಲಿ ಸ್ಪೀಕರಿನಿಂದ ನೇರವಾಗಿ ಬಂದದ್ದು ಒಂದು ಪಾಲು. ಗೋಡೆ, ನೆಲ, ಸೂರುಗಳಿಗೆ ಬಡಿದು ಬಂದದ್ದು ಇನ್ನೊಂದು ಪಾಲು. ಆದರೆ ನಮ್ಮ ಮನೆಗಳಲ್ಲಿ ಸ್ಪೀಕರಿನ ಜಾಗವನ್ನು ಕಿವಿ ನಿರ್ಧರಿಸುವುದು ಅಪರೂಪ. ಹಿಂದೆ ರೇಡಿಯೊ ಪೆಟ್ಟಿಗೆ ಮಕ್ಕಳ ಕೈಗೆ ಸಿಗದಂತೆ ಎತ್ತರದ ಹಲಗೆಯನ್ನೇರಿ, ಕಸೂತಿಯ ಬಟ್ಟೆ ಹೊದ್ದು ಕುಳಿತಿತ್ತು. ಸ್ಟೀರಿಯೊ ಬಂದಾಗ ಒಂದು ಸ್ಪೀಕರ್ ಬೀರುವಿನ ಮೇಲೆ ಹೋಯಿತು, ಇನ್ನೊಂದು ಕುರ್ಚಿಯ ಹಿಂದಿನ ಮೂಲೆಗೆ ಸೇರಿತು. ಮಾತು ಸ್ಪಷ್ಟವಿಲ್ಲ ಎಂದು ಮನೆಯ ಹಿರಿಯರು ದೂರಿದರೆ ದನಿ ಏರಿಸುತ್ತೇವೆ. ಆಗಲೂ ಸರಿಹೋಗದಿದ್ದರೆ ಹೊಸ ಸೆಟ್ಟು ಕೊಳ್ಳುತ್ತೇವೆ. ತಪ್ಪು ಸೆಟ್ಟಿನದೋ, ಅದನ್ನಿಟ್ಟ ಜಾಗದ್ದೋ? ಈ ಪ್ರಶ್ನೆಯ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಕಥೆಯಿದೆ.

ಮೆತ್ತೆ ಹೊತ್ತ ಪ್ರಾಧ್ಯಾಪಕ

ಕಥೆ ಆರಂಭವಾಗುವುದು 1895ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದಲ್ಲಿ ಪಾಠವೇ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದು ಪದ ಐದೂವರೆ ಸೆಕೆಂಡುಗಳ ಕಾಲ ಗುಂಯ್‌ಗುಟ್ಟುತ್ತಿತ್ತು. ಅಷ್ಟರಲ್ಲಿ ಇನ್ನೂ ಹತ್ತು ಹದಿನೈದು ಪದಗಳು ಬಂದು ಎಲ್ಲವೂ ಕಲಸುಮೇಲೋಗರ. ಇದನ್ನು ಸರಿಪಡಿಸುವ ಹೊಣೆ ವ್ಯಾಲೇಸ್ ಸೇಬಿನ್ ಎಂಬ ತರುಣ ಭೌತವಿಜ್ಞಾನಿಯ ಹೆಗಲೇರಿತು.

ಸೇಬಿನ್ ರಾತ್ರಿಯ ನೀರವದಲ್ಲಿ ಕೆಲಸ ಮಾಡಿದ. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತರಿಸಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ದನಿ ಅಡಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆದ. ಮೆತ್ತೆ ಹೆಚ್ಚಿದಂತೆ ಗುಂಯ್ ಎನ್ನುವ ಅನುರಣನ ಇಳಿಯಿತು. ಬೆಳಗಾಗುವುದರೊಳಗೆ ಮೆತ್ತೆಗಳೆಲ್ಲ ವಾಪಸು! ಕೋಣೆ ದೊಡ್ಡದಾದಷ್ಟೂ ಅನುರಣನ ಹೆಚ್ಚು, ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಕಡಿಮೆ ಎಂಬ ಲೆಕ್ಕಾಚಾರ ಇಲ್ಲಿ ಹುಟ್ಟಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಈ ಲೆಕ್ಕದ ಮೇಲೆ ರೂಪುಗೊಂಡದ್ದು. ನುಣುಪು ಗೋಡೆ, ಮೊಸಾಯಿಕ್ ನೆಲ, ಗಾಜಿನ ಕಿಟಕಿಗಳ ನಮ್ಮ ನಡುಮನೆಯಲ್ಲಿ ಟಿ.ವಿ. ಮಾತು ಕಲಸಿಹೋಗುವುದಕ್ಕೂ ಕಾರಣ ಇದೇ. ಒಂದು ದಪ್ಪ ಜಮಖಾನ, ಭಾರದ ಪರದೆ, ಪುಸ್ತಕ ತುಂಬಿದ ಕಪಾಟು ಇಲ್ಲಿ ಸೇಬಿನ್ನನ ಮೆತ್ತೆಯ ಕೆಲಸ ಮಾಡುತ್ತವೆ.

ಒಂದು ಕಿವಿಯಿಂದ ಎರಡು ಕಿವಿಗೆ

ಇಂದಿನ ಸ್ಪೀಕರಿನ ಮೂಲರೂಪ ಬಂದದ್ದು 1925ರಲ್ಲಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರು ತಂತಿಸುರುಳಿಯೊಂದು ಕಾಗದದ ಶಂಕುವನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವ ಸಾಧನವನ್ನು ಆ ವರ್ಷ ವಿವರಿಸಿದರು. ಶಂಕು ಮುಂದಕ್ಕೆ ಗಾಳಿಯನ್ನು ತಳ್ಳಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. ಇವೆರಡೂ ಸೇರಿದರೆ ತಗ್ಗಿನ ದನಿ ಅಳಿಸಿಹೋಗುತ್ತದೆ. ಆದ್ದರಿಂದ ನಡುವೆ ಒಂದು ಹಲಗೆ ಅಥವಾ ಸುತ್ತ ಒಂದು ಪೆಟ್ಟಿಗೆ ಅನಿವಾರ್ಯ. ಪೆಟ್ಟಿಗೆ ಬರಿಯ ಅಲಂಕಾರಕ್ಕಲ್ಲ ಎಂಬುದು ಆಗಲೇ ತಿಳಿದಿತ್ತು.

ಮುಂದಿನ ಹೆಜ್ಜೆ ಇಂಗ್ಲೆಂಡಿನದು. ಇ.ಎಂ.ಐ. ಕಂಪನಿಯ ಎಂಜಿನಿಯರ್ ಅಲನ್ ಬ್ಲಮ್ಲೀನ್ ಒಮ್ಮೆ ಹೆಂಡತಿಯೊಡನೆ ಸಿನಿಮಾಕ್ಕೆ ಹೋಗಿದ್ದನಂತೆ. ತೆರೆಯ ಮೇಲೆ ನಟ ಒಂದು ಬದಿಯಲ್ಲಿ, ಅವನ ಮಾತು ಇನ್ನೊಂದು ಬದಿಯಲ್ಲಿ! ಇದಕ್ಕೊಂದು ದಾರಿ ನನ್ನ ಬಳಿ ಇದೆ ಎಂದು ಅವನು ಹೆಂಡತಿಗೆ ಹೇಳಿದನೆಂಬುದು ಪ್ರಚಲಿತ ಕಥೆ. 1931ರ ಡಿಸೆಂಬರಿನಲ್ಲಿ ಅವನು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಎರಡು ಸ್ಪೀಕರುಗಳ ನಡುವಿನ ಬರಿ ಜಾಗದಲ್ಲಿ ಗಾಯಕನನ್ನು ನಿಲ್ಲಿಸುವ ಉಪಾಯವಿತ್ತು. ಅದನ್ನು ಒಂದೇ ತಟ್ಟೆಯ ಒಂದೇ ಗೀರಿನಲ್ಲಿ ಮುದ್ರಿಸುವ ಬಗೆಯೂ ಇತ್ತು. ಆದರೆ ಫಲ ಉಣ್ಣಲು ಅವನಿರಲಿಲ್ಲ. 1942ರಲ್ಲಿ ಯುದ್ಧವಿಮಾನದ ರೇಡಾರ್ ಪರೀಕ್ಷೆಯ ವೇಳೆ ನಡೆದ ಅಪಘಾತದಲ್ಲಿ ತೀರಿಕೊಂಡ. ಆಗ ವಯಸ್ಸು 38. ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು 1958ರ ಸುಮಾರಿಗೆ.

ಈ ಮಾಯೆ ಎಷ್ಟು ನಾಜೂಕಿನದೆಂಬುದನ್ನು ತೋರಿಸಿದವನು ಜರ್ಮನಿಯ ಹೆಲ್ಮುಟ್ ಹಾಸ್. 1949ರಲ್ಲಿ ಗಾಟಿಂಗೆನ್ನಿನ ತನ್ನ ಪ್ರೌಢಪ್ರಬಂಧಕ್ಕಾಗಿ ಅವನು ಎರಡು ಸ್ಪೀಕರುಗಳಲ್ಲಿ ಒಂದೇ ಮಾತನ್ನು ಕೇಳಿಸಿ, ಒಂದನ್ನು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ತಡಮಾಡಿಸಿದ. ಕೇಳುಗರಿಗೆ ಮಾತು ಪೂರ್ತಿಯಾಗಿ ಮೊದಲು ತಲುಪಿದ ಕಡೆಯಿಂದಲೇ ಬಂದಂತಾಯಿತು; ತಡವಾದದ್ದು ಸಾಕಷ್ಟು ಜೋರಾಗಿದ್ದರೂ ಅಷ್ಟೆ. ದನಿ 34 ಸೆಂಟಿಮೀಟರ್ ಸಾಗಲು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಅಂದರೆ, ನೀವು ಒಂದು ಸ್ಪೀಕರಿಗೆ ಒಂದಡಿ ಹತ್ತಿರವಾದರೂ ನಡುವೆ ನಿಂತಿದ್ದ ಗಾಯಕ ಆ ಕಡೆಗೆ ನಡೆದುಬಿಡುತ್ತಾನೆ. ಎರಡು ಸ್ಪೀಕರ್ ಮತ್ತು ಕೇಳುಗ ಸೇರಿ ಸಮಬಾಹು ತ್ರಿಕೋನವಾಗಬೇಕು ಎಂಬ ಹಳೆಯ ನಿಯಮದ ಹಿಂದಿನ ವಿವೇಕ ಇದು.

ಗೋಡೆ ಕೊಡುತ್ತದೆ, ಗೋಡೆ ಕಸಿಯುತ್ತದೆ

ಆವರೆಗೆ ಒಳ್ಳೆಯ ಮಂದ್ರ ದನಿ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಇದನ್ನು ಬದಲಿಸಿದ. ಶಂಕುವನ್ನು ಸಡಿಲವಾಗಿ ಕಟ್ಟಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡ. ಇದರಿಂದ ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯೂ ಆಳವಾದ ದನಿ ಕೊಡತೊಡಗಿತು. ಪೆಟ್ಟಿಗೆ ಚಿಕ್ಕದಾದದ್ದೇ ತಡ, ಜನ ಅದನ್ನು ಎಲ್ಲೆಂದರಲ್ಲಿ ಇಡತೊಡಗಿದರು.

ವಿಲ್ಚರನ ಕಂಪನಿಯಲ್ಲಿ ದುಡಿದಿದ್ದ ರಾಯ್ ಆಲಿಸನ್ 1974ರಲ್ಲಿ ಇದರ ಪರಿಣಾಮವನ್ನು ಲೆಕ್ಕಹಾಕಿ ಪ್ರಕಟಿಸಿದ. ಗೋಡೆಗೆ ಅಂಟಿಸಿದ ಸ್ಪೀಕರಿನ ಮಂದ್ರ ಉಬ್ಬುತ್ತದೆ. ಮೂಲೆಗೆ ತಳ್ಳಿದರೆ ಇನ್ನಷ್ಟು ಉಬ್ಬುತ್ತದೆ. ಹಾಗೆಂದು ಮುಂದೆ ತಂದರೆ ಇನ್ನೊಂದು ತೊಡಕು. ಗೋಡೆಯಿಂದ ಒಂದು ಮೀಟರ್ ಮುಂದಿರುವ ಸ್ಪೀಕರಿನಲ್ಲಿ 86 ಹರ್ಟ್ಸ್ ಸುಮಾರಿನ ದನಿ ಗೋಡೆಗೆ ಬಡಿದು ವಿರುದ್ಧವಾಗಿ ಮರಳಿ, ನೇರ ದನಿಯನ್ನು ತಗ್ಗಿಸುತ್ತದೆ. ಮೃದಂಗದ ಎಡಬದಿಯ ತುಂಬುನಾದ ಬಡಕಲಾಗುತ್ತದೆ. ಹಿಂಗೋಡೆ, ಪಕ್ಕದ ಗೋಡೆ, ನೆಲ ಈ ಮೂರರಿಂದಲೂ ಒಂದೇ ದೂರದಲ್ಲಿಟ್ಟರೆ ಮೂರು ಪೆಟ್ಟೂ ಒಂದೇ ಸ್ವರಕ್ಕೆ ಬೀಳುತ್ತವೆ. ಆದ್ದರಿಂದ ಆ ಮೂರು ದೂರಗಳು ಬೇರೆಬೇರೆ ಇರಲಿ ಎನ್ನುವುದು ಇದರಿಂದ ಸಿಕ್ಕ ಪಾಠ.

ಕೆಳಗೇನಿದೆ?

ಸ್ಪೀಕರ್ ಗಾಳಿಯನ್ನಷ್ಟೇ ನಡುಗಿಸುವುದಿಲ್ಲ, ತಾನು ಕುಳಿತ ಹಲಗೆಯನ್ನೂ ನಡುಗಿಸುತ್ತದೆ. ತಗಡಿನ ಬೀರುವಿನ ಮೇಲಿಟ್ಟರೆ ಬೀರುವೂ ತನ್ನ ಸ್ವಂತ ದನಿಯಲ್ಲಿ ಹಾಡುತ್ತದೆ. ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಇದು ದೊಡ್ಡ ಕಾಟ. ನಡುಕ ಮೇಜಿನ ಮೂಲಕ ಮುಳ್ಳಿಗೆ ಹತ್ತಿ, ಮತ್ತೆ ಸ್ಪೀಕರಿಗೆ ಹೋಗಿ, ಊಳಿಡುವ ಸದ್ದು ಏಳುತ್ತಿತ್ತು. 1961ರಲ್ಲಿ ವಿಲ್ಚರನ ಕಂಪನಿಯೇ ತಟ್ಟೆಯನ್ನೂ ಮುಳ್ಳಿನ ತೋಳನ್ನೂ ಒಟ್ಟಿಗೆ ಮೂರು ಮೆತ್ತನೆಯ ಸ್ಪ್ರಿಂಗುಗಳ ಮೇಲೆ ತೂಗಿಬಿಟ್ಟ ಯಂತ್ರವನ್ನು ಹೊರತಂದಿತು. ನಡುಕ ಸ್ಪ್ರಿಂಗಿನಲ್ಲೇ ಸತ್ತಿತು.

ಇಲ್ಲೊಂದು ತಪ್ಪುತಿಳಿವಳಿಕೆಯಿದೆ. ಸ್ಪೀಕರಿನ ಅಡಿಗೆ ಹಾಕುವ ಲೋಹದ ಮೊಳೆಗಾಲುಗಳು ನಡುಕವನ್ನು ತಡೆಯುವುದಿಲ್ಲ. ಅವು ಪೆಟ್ಟಿಗೆಯನ್ನು ಅಲುಗದಂತೆ ನೆಲಕ್ಕೆ ಕಚ್ಚಿಸುತ್ತವೆ. ತಡೆಯಬೇಕಾದರೆ ಭಾರಕ್ಕೆ ತುಸುವಾದರೂ ಕುಸಿಯುವ ಮೆತ್ತನೆಯ ರಬ್ಬರ್ ಅಥವಾ ಸ್ಪ್ರಿಂಗ್ ಬೇಕು. ಫ್ಲ್ಯಾಟಿನಲ್ಲಿರುವವರಿಗೆ ಇದು ನೆರೆಹೊರೆಯ ಪ್ರಶ್ನೆಯೂ ಹೌದು. ರಬ್ಬರ್ ನೆಲದ ಮೂಲಕ ಹೋಗುವ ನಡುಕವನ್ನು ತಗ್ಗಿಸೀತು. ಗಾಳಿಯಲ್ಲಿ ಹೋಗಿ ಗೋಡೆಯನ್ನೇ ಅದುರಿಸುವ ಮಂದ್ರವನ್ನು ತಡೆಯಲಾರದು. 1932ರಲ್ಲಿ ಬಿ.ಬಿ.ಸಿ.ಯವರು ಲಂಡನ್ನಿನಲ್ಲಿ ತಮ್ಮ ಬಾನುಲಿ ಭವನ ಕಟ್ಟಿದಾಗ ಸ್ಟುಡಿಯೊಗಳನ್ನು ನಡುಗೋಪುರದಲ್ಲಿಟ್ಟು ಸುತ್ತ ಕಚೇರಿಗಳನ್ನು ಬೇಲಿಯಂತೆ ಜೋಡಿಸಿದ್ದರು. ಆ ಅನುಕೂಲ ನಮಗಿಲ್ಲ. ಪಕ್ಕದ ಮನೆಗೂ ನಮಗೂ ಹೊಂದಿದ ಗೋಡೆಯಿಂದ ಪೆಟ್ಟಿಗೆಯನ್ನು ದೂರವಿಟ್ಟು, ರಾತ್ರಿ ದನಿ ಇಳಿಸುವುದೇ ನಮ್ಮ ಪಾಲಿನ ಮಾರ್ಗ.

ಕಣ್ಣು ಮುಚ್ಚಿದಾಗ

1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ತಜ್ಞರು ಒಂದು ಕುತೂಹಲಕರ ಪ್ರಯೋಗವನ್ನು ಪ್ರಕಟಿಸಿದರು. ಸ್ಪೀಕರುಗಳನ್ನು ಪರದೆಯ ಹಿಂದಿಟ್ಟಾಗ, ಜಾಗ ಬದಲಾದರೆ ಕೇಳುಗರು ಕೊಡುವ ಅಂಕವೂ ಬದಲಾಗುತ್ತಿತ್ತು. ಪರದೆ ಸರಿಸಿ, ಇದು ಇಂಥ ಸ್ಪೀಕರ್ ಎಂದು ಕಣ್ಣಿಗೆ ತೋರಿದೊಡನೆ ಅದೇ ಜನ ಜಾಗದ ವ್ಯತ್ಯಾಸವನ್ನು ಅಷ್ಟಾಗಿ ಗುರುತಿಸದಾದರು. ಪೆಟ್ಟಿಗೆಯ ಗಾತ್ರ, ಬೆಲೆ, ಹೆಸರುಗಳಿಗೆ ಮನಸ್ಸು ಸೋತಿತು. ನಾವು ಅಂಗಡಿಗೆ ಓಡುವುದೇಕೆ, ಪೆಟ್ಟಿಗೆಯನ್ನು ಸರಿಸಿ ನೋಡದಿರುವುದೇಕೆ ಎಂಬುದಕ್ಕೆ ಇಲ್ಲೊಂದು ಉತ್ತರವಿದೆ.

ಗೋಲ್ ಗುಮ್ಮಟವನ್ನು ಯಾರೂ ಸರಿಸಲಾರರು. ಮನೆಯ ಸ್ಪೀಕರನ್ನು ಸರಿಸಬಹುದು. ಮೂಲೆಯಿಂದ ಈಚೆಗೆ ತನ್ನಿ. ಕಿವಿಯ ಮಟ್ಟಕ್ಕೆ ಏರಿಸಿ, ಕೂರುವ ಜಾಗದತ್ತ ತುಸು ತಿರುಗಿಸಿ. ನೆಲಕ್ಕೊಂದು ಜಮಖಾನ ಹಾಸಿ. ಬಳಿಕ ಹೊಸ ಸೆಟ್ಟಿನ ಮಾತಾಡುವ ಮುನ್ನ ಮನೆಯ ಹಿರಿಯರನ್ನು ಕೂರಿಸಿ, ಕಣ್ಣು ಮುಚ್ಚಲು ಹೇಳಿ, ಈಗ ಮಾತು ತಿಳಿಯುತ್ತದೆಯೇ ಎಂದು ಕೇಳಿ.